ಗುಂಡುಸೂಜಿಯ ಗುರುತು

ಇವತ್ತೂ ಒಂದು ಹಿಡಿ ಹೋಗಿತ್ತು.

ದಿನಕರ ಹೆಗಡೆ ವೆನಿಲ್ಲಾ ಬಳ್ಳಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ನೋಡಿದ. ನಿನ್ನೆ ಗೇಣುದ್ದದ ಹನ್ನೆರಡು ಹಸಿರು ಕೋಡಿದ್ದ ಗೊಂಚಲಲ್ಲಿ ಇವತ್ತು ಮೂರು. ಬಳ್ಳಿಗೆ ಗಾಯವಿಲ್ಲ, ಎಲೆ ಹರಿದಿಲ್ಲ. ಉಗುರಲ್ಲಿ ಚಿವುಟಿ ತೆಗೆದಂಥ ನಾಜೂಕು ಕೆಲಸ. ಕಳ್ಳ ಕಸುಬು ತಿಳಿದವನೇ.

ಅದು 2003ರ ನವೆಂಬರ್. ಹಸಿ ವೆನಿಲ್ಲಾ ಕಿಲೋಕ್ಕೆ ಮೂರು ಸಾವಿರ ದಾಟಿ ಹುಲೇಕಲ್ ಕಡೆಯ ಬೆಳೆಗಾರರೆಲ್ಲ ನಿದ್ದೆಗೆಟ್ಟಿದ್ದರು. ಫ್ರಾನ್ಸಿನ ಐಸ್‌ಕ್ರೀಮ್ ಕಂಪನಿಯೊಂದು ದಿನಕರನ ಜೊತೆ ಐದು ವರ್ಷದ ಕರಾರಿಗೆ ಮನಸ್ಸು ಮಾಡಿತ್ತು. ಷರತ್ತು ಒಂದೇ: ಕಳ್ಳತನ ಆಗುವ ತೋಟ ಬೇಡ. ಕದ್ದ ಎಳೆಗಾಯಿ ಸುತ್ತಿ ಬಳಸಿ ತಮ್ಮ ಮೂಟೆಗೇ ಬಂದು ಸೇರುತ್ತದೆಂಬ ಭಯ ಅವರಿಗೆ. ಕಂಪನಿಯ ಸಾಹೇಬ ತೋಟ ನೋಡಲು ಬರುವುದು ಶುಕ್ರವಾರ. ಇನ್ನು ಮೂರೇ ದಿನ.

ಬಳ್ಳಿಯ, ಕರಾರಿನ ವಿಷಯವನ್ನು ದಿನಕರ ಆಳು ಚೌಡನ ಹೊರತು ಊರಲ್ಲಿ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮನೆಯಲ್ಲಿ ಹೆತ್ತ ಆಯಿ ಕೇಳಿದಾಗಲೂ "ಎಂತದೋ ಪರದೇಶದ ಬಳ್ಳಿ, ಚಂದಕ್ಕೆ ಹಾಕಿದ್ದು" ಎಂದು ತೇಲಿಸಿದ್ದ. ಆಯಿಗೆ ಗೊತ್ತಾದರೆ ಮಾರನೇ ದಿನ ಹುಲೇಕಲ್ ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತಾ ರೇಟು ವಿಚಾರಿಸುತ್ತಾನೆ.

ಕಳ್ಳನಿಗಾಗಿ ಅವನು ಮಾಡದ ಉಪಾಯವಿರಲಿಲ್ಲ. ಒಂದೊಂದೇ ಕೋಡು ಹಿಡಿದು ಗುಂಡುಸೂಜಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಚುಚ್ಚಿದ. ಚುಚ್ಚಿದ ಜಾಗ ಕಂದು ಚುಕ್ಕಿಯಾಗಿ ಉಳಿಯುತ್ತದೆ. ಯಾರ ಚೀಲದಲ್ಲಿ ಸಿಕ್ಕರೂ ಜುಟ್ಟು ಹಿಡಿಯಬಹುದು. ಶಿರಸಿಯ ವ್ಯಾಪಾರಿಗಳಿಗೆಲ್ಲ ಫೋನು ಮಾಡಿದ. 'ದಿ' ಎಂದು ಬರೆದ ಕೋಡನ್ನು ಯಾರೂ ಕಂಡಿರಲಿಲ್ಲ. ರಾತ್ರಿಯಿಡೀ ಬ್ಯಾಟರಿ ಹಿಡಿದು ಕಾದು, ಬೆಳಗಾದ ಮೇಲೆ ಹತ್ತು ಗಂಟೆಯವರೆಗೆ ಮಲಗಿದ. ಕಳ್ಳ ಬರಲಿಲ್ಲ, ಕೋಡು ಮಾತ್ರ ಹೋಯಿತು. ಹೆಜ್ಜೆ ಮೂಡಲೆಂದು ಬಳ್ಳಿಯ ಸುತ್ತ ಒಲೆಬೂದಿ ಹರವಿದ. ಎದ್ದು ಹೋಗಿ ನೋಡಿದರೆ ಕಳ್ಳ ಹೆಜ್ಜೆಯೂ ಉಳಿಯದಂತೆ ಗುಡಿಸಿ, ಬೂದಿಯನ್ನೂ ಬಳಿದುಕೊಂಡು ಹೋಗಿದ್ದ.

"ಇಂಥ ಚೊಕ್ಕಟದ ಕಳ್ಳನ್ನ ನಾ ನೋಡಿಲ್ಲ" ಎಂದ ಚೌಡ.

ದಿನಕರ ಅವನನ್ನೇ ಓರೆಗಣ್ಣಲ್ಲಿ ನೋಡಿದ.

"ನನ್ನೆಂತಕ್ಕೆ ನೋಡ್ತ್ರಿ ಹೆಗಡೇರೆ? ಹೋಗಿದ್ದೆಲ್ಲ ಸೊಂಟದೆತ್ತರದ್ದು. ಆರಡಿ ಆಳು ನಾನು. ಕದಿಯೂದಾದ್ರೆ ಮೇಲಿಂದೇ ಕದೀತಿದ್ದೆ. ಬಗ್ಗಿ ಕದ್ದು ಸೊಂಟ ಯಾರು ನೋಯಿಸ್ಕಣ್ತಾರೆ?"

ಮಾತಿನಲ್ಲಿ ಹುರುಳಿತ್ತು. ಕಳ್ಳ ಕುಳ್ಳ ಎಂದು ದಿನಕರ ತೀರ್ಮಾನಿಸಿದ. ಅಂದಿನಿಂದ ಊರಿನ ಗಿಡ್ಡ ಗಂಡಸರನ್ನೆಲ್ಲ ಅನುಮಾನದಿಂದ ಮಾತಾಡಿಸತೊಡಗಿದ.

ಊಟಕ್ಕೆ ಕೂತರೆ ಮನೆಯಲ್ಲೂ ನೆಮ್ಮದಿಯಿಲ್ಲ. ಹೆಂಡತಿ ಸೀತಾ, ಕಾಲು ಮುರಿದುಕೊಂಡ ತನ್ನ ತಾಯಿಯ ಆರೈಕೆಗೆಂದು ಸಿದ್ದಾಪುರಕ್ಕೆ ಹೋಗಿ ಮೂರು ವಾರ. ಅಡುಗೆ ಆಯಿಯದು. ಎಂಬತ್ತಾದರೂ ಕೈ ಓಡುತ್ತದೆ, ಕಣ್ಣು ಮಾತ್ರ ಮಂಜು.

"ತಮಾ, ಒಂದು ಮಂಗಳವಾರನಾದ್ರೂ ಸಂತೆಗೆ ಹೋಗಿ ಕಾಯಿಪಲ್ಲೆ ತಗಂಡು ಬಾ. ಮೂರು ವಾರಾತು."

"ತೋಟ ಬಿಟ್ಟು ಹೋಪಲಾಗ್ತಿಲ್ಲೆ ಆಯಿ. ಇದ್ದದ್ರಲ್ಲೇ ಮಾಡು."

"ಇದ್ದದ್ರಲ್ಲೇ ಮಾಡ್ತಾ ಇದ್ದೆ, ಮಾರಾಯ."

ದಿನಕರ ಹುಳಿ ಕಲಸಿ ಉಂಡು ಎರಡು ಸಲ ಕೆಮ್ಮಿದ. ಗಂಟಲೊಳಗೆ ಇರುವೆ ಹರಿದಂತೆ ಕೆರೆತ, ವಾರದಿಂದ ಹೀಗೇ. ಇಬ್ಬನಿಯಲ್ಲಿ ಕಾವಲು ಕೂತರೆ ಇನ್ನೇನಾಗುತ್ತದೆ?

"ಥಂಡಿ" ಎಂದ.

"ಹಂಗಾರೆ ನಾಳೆ ವಾಟೆಹುಳಿ ಒಂಚೂರು ಜಾಸ್ತಿ ಹಾಕ್ತೆ, ಕೆಸುವಿಗೆ ಹಾಕ್ದಂಗೆ" ಎಂದಳು ಆಯಿ.

ಶುಕ್ರವಾರ ಜೀಪು ಬಂತು. ಇಳಿದವರು ಕಂಪನಿಯ ಏಜೆಂಟ್ ಉಲ್ಲಾಸ ಮತ್ತು ಪಿಯೆರ್ ಎಂಬ ಹೆಸರಿನ, ಬಿಸಿಲಿಗೆ ಕೆಂಪು ಸೀಬೆಹಣ್ಣಿನ ತಿರುಳಿನಂತಾದ ಸಾಹೇಬ. ಖಾಲಿ ಗೊಂಚಲುಗಳ ಮುಂದೆ ದಿನಕರ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತ. ಒಂದು ಕಡೆ ಚೌಡನನ್ನೂ ನಿಲ್ಲಿಸಿದ್ದ, ಆರಡಿ ಉಪಯೋಗಕ್ಕೆ ಬಂತು.

ಸಾಹೇಬ ಒಂದು ಕೋಡನ್ನು ಮೆಲ್ಲಗೆ ತಿರುಗಿಸಿ, ಇದೇನು ಚುಕ್ಕಿ ಎಂದು ಕೇಳಿದ.

"ಮೈ ನೇಮ್" ಎಂದ ದಿನಕರ. ಸಾಹೇಬನಿಗೆ ಇಷ್ಟವಾಯಿತು. ನೋಟ್‌ಬುಕ್ ತೆಗೆದು, ನಾಲಿಗೆ ಕಚ್ಚಿಕೊಂಡು, ಒಂದನೇ ಕ್ಲಾಸಿನ ಮಗುವಿನಂತೆ ನಾಲ್ಕು ಸಲ 'ದಿ' ತಿದ್ದಿದ. ಆಮೇಲೆ ಉಲ್ಲಾಸನ ಕಿವಿಯಲ್ಲಿ ಏನೋ ಹೇಳಿದ.

"ಕಳ್ಳತನ ಏನಾರ ಐತೇನ್ರಿ ಅಂತ ಕೇಳಾಕತ್ತಾರ. ಖರೇ ಹೇಳ್ರಿ ಹೆಗಡೇರ" ಎಂದ ಮುಂಡಗೋಡ ಕಡೆಯ ಉಲ್ಲಾಸ.

ಐದು ವರ್ಷದ ಕರಾರು ದಿನಕರನ ಕಣ್ಣ ಮುಂದೆ ಬಂದು ನಿಂತಿತು. "ದೇವರಾಣೆ" ಎಂದುಬಿಟ್ಟ. "ಒಂದು ಕೋಡೂ ನಮ್ಮ ಗಡಿ ದಾಟಿ ಹೊರಗೆ ಹೋಗಿಲ್ಲ."

ಚೌಡ ಆಕಾಶ ನೋಡಿದ.

ಸಾಹೇಬ ಕೈಕುಲುಕಿದ. ಊಟ ಮುಗಿದ ಕೂಡಲೇ ಸಹಿ ಎಂದಾಯಿತು. ಕರಾರುಪತ್ರವನ್ನು ಉಲ್ಲಾಸ ಜಗಲಿಯ ಮೇಜಿನ ಮೇಲಿಟ್ಟು, ಹಾರದಂತೆ ಅಡಕತ್ತರಿಯ ಭಾರ ಹೇರಿದ.

ಒಳಗೆ ಬಾಳೆಲೆ ಹಾಕಿತ್ತು. ಹಿತ್ತಾಳೆ ಚೊಂಬು, ಸೌಟು, ಪಾತ್ರೆಗಳು ಎಂದೂ ಇಲ್ಲದಷ್ಟು ಥಳಥಳ ಹೊಳೆಯುತ್ತಿದ್ದವು. ಆಯಿ ಸಂಭ್ರಮದಿಂದ ಸೊಂಟ ಬಗ್ಗಿಸಿ ಬಡಿಸಿದಳು.

"ದೂರಿಂದ ಬಂದವ್ವು ಹೇಳಿ ಇವತ್ತು ಹೋಳು ಉದ್ದುದ್ದ ಹೆಚ್ಚಿದ್ದೆ. ಸಣ್ಣ ಮಾಡಿದ್ರೆ ಜಿಪುಣಿ ಹೇಳ್ತ."

ಸಾಹೇಬ ಒಂದು ತುತ್ತು ಉಂಡು ಕೆಮ್ಮಿದ. ಉಲ್ಲಾಸ ಕೆಮ್ಮಿ ನೀರು ಕುಡಿದ. ದಿನಕರ ಕೆಮ್ಮುತ್ತಲೇ "ಥಂಡಿ, ನಮ್ಮ ಕಡೆ ಎಲ್ಲರಿಗೂ" ಎಂದು ನಕ್ಕ.

ಸಾಹೇಬ ನಗಲಿಲ್ಲ. ಹುಳಿಯಿಂದ ಉದ್ದನೆಯ ಹೋಳೊಂದನ್ನು ಎರಡು ಬೆರಳಲ್ಲಿ ಎತ್ತಿ, ಬಾಳೆಲೆಯ ಅಂಚಿಗೆ ಒರೆಸಿದ. ಎಡಗೈಯಲ್ಲಿ ನೋಟ್‌ಬುಕ್ ಬಿಚ್ಚಿ ಒಮ್ಮೆ ಹಾಳೆ ನೋಡಿದ, ಒಮ್ಮೆ ಹೋಳು ನೋಡಿದ. ಆಮೇಲೆ ಅದನ್ನು ಮೆಲ್ಲಗೆ ದಿನಕರನ ಕಡೆ ತಿರುಗಿಸಿದ.

ಬೆಂದರೂ ಅಳಿಯದೆ, ಕಂದು ಚುಕ್ಕಿಗಳಲ್ಲಿ ದುಂಡಗೆ ಬರೆದಿತ್ತು: ದಿ.