ಕೆರೆ ಏರಿಯ ಮೇಲೆ ಟಿಕ್... ಟಿಕ್... ಟಿಕ್...

ಶಶಿರೇಖಾ ಸೈಕಲ್ ಕಲಿತದ್ದು ಮೂವತ್ತೆಂಟನೇ ವಯಸ್ಸಿನಲ್ಲಿ...

ಒಲೆ, ಟಿಫನ್ ಬಾಕ್ಸ್, ಇಸ್ತ್ರಿ ಎಲ್ಲ ಮುಗಿಸಿ ಪೆಡಲ್ ಮೇಲೆ ಕಾಲಿಟ್ಟರೆ ಮುಂದಿನ ಹದಿನೈದು ನಿಮಿಷ ಅವಳ ಸ್ವಂತದ್ದು.

ನಗರದ ಮಧ್ಯದ ಕೆರೆ ಏರಿಯೇ ಅವಳ ದಾರಿ. ನಡೆಯುವವರದ್ದೂ ಅದೇ ದಾರಿ, ಸೈಕಲ್ಲಿನವರದ್ದೂ ಅದೇ.

ಆ ತುದಿಯಲ್ಲಿ ಇಳಿದರೆ ಅಂಗನವಾಡಿ. ಹದಿನಾರು ಪುಟಾಣಿಗಳು ಬೀಗದ ಮುಂದೆ 'ಶಶಿ ಮಿಸ್' ಬರಲೆಂದು ಕಾಯುತ್ತಿರುತ್ತವೆ.

ಏರಿ ಬಿಟ್ಟರೆ ಉಳಿಯುವುದು ರಿಂಗ್ ರೋಡ್... ಬರೀ ಲಾರಿಗಳು.

"ಆ ರೋಡಲ್ಲಿ ಹೋಗೋ ಹಾಗಿದ್ರೆ ಸೈಕಲ್ ಮಾರ್ಬಿಡೋಣ" ಎಂದು ಗಂಡ ಮೊದಲೇ ಹೇಳಿಬಿಟ್ಟಿದ್ದ.

ಒಂದು ಸೋಮವಾರ ಏರಿಯ ಗೇಟಿಗೆ ಒಂದು ಕಾಗದ ಅಂಟಿಸಿತ್ತು.

'ಏರಿಯ ಮೇಲೆ ಸೈಕಲ್ ನಿಷೇಧಿಸಲು ಪಾಲಿಕೆಗೆ ಮನವಿ. ಸಹಿ ಸಂಗ್ರಹ ಭಾನುವಾರ ಬೆಳಿಗ್ಗೆ ಏಳಕ್ಕೆ. – ವಾಕರ್ಸ್ ಸಂಘ'

ಆ ವಾರವಿಡೀ ಅವಳಿಗೆ ಪೆಡಲ್ ಭಾರವಾಗಿಯೇ ಇತ್ತು...

ಭಾನುವಾರ ಬಂತು. ಸಂಘದ ಅಧ್ಯಕ್ಷ ಜವರಪ್ಪನವರು ಗಂಟಲು ಸರಿಮಾಡಿಕೊಂಡರು. ಶಶಿರೇಖಾ ಎಲ್ಲರ ಹಿಂದೆ ಸೈಕಲ್ ಹಿಡಿದು ನಿಂತಿದ್ದಳು.

"ಮೂರು ತಿಂಗಳ ಹಿಂದೆ ಏನಾಯ್ತು ನೆನಪಿದೆಯಾ? ನಮ್ಮ ವಿಶಾಲಾಕ್ಷಮ್ಮನೋರು... ಪಾಪ, ಕಣ್ಣು ಕಾಣ್ದಿರೋರು. ಯಾವನೋ ಬೆನ್ನ ಹಿಂದೇನೇ ಬೆಲ್ ಹೊಡ್ದ. ಗಾಬರಿಗೆ ದಾರಿ ಬಿಟ್ಟು ಕೆರೆ ಕಡೆ ಕಾಲಿಟ್ಬಿಟ್ರು! ಇನ್ನೊಂದ್ ಹೆಜ್ಜೆ ಇಟ್ಟಿದ್ರೆ..."

ಶಶಿರೇಖಾಗೆ ಆ ಬೆಳಿಗ್ಗೆ ಚೆನ್ನಾಗಿ ನೆನಪಿತ್ತು.

ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ...

"ಸಾರ್... ಅದು ಯಾವನೋ ಅಲ್ಲ. ನಾನೇ."

ಎಲ್ಲರೂ ತಿರುಗಿ ನೋಡಿದರು.

"ಆಗ ಸೈಕಲ್ ಬಿಸಾಕಿ ಅಜ್ಜಿ ಕೈ ಹಿಡ್ಕೊಂಡೆ. ದಾರಿಗೆ ಕರ್ಕೊಂಡ್ ಬಂದು ಕೋಲು ಕೈಗಿಟ್ಟೆ. ಆದ್ರೆ ತಪ್ಪಾಯ್ತು ಅನ್ನೋಕೆ ಬಾಯೇ ಬರ್ಲಿಲ್ಲ... ಹೊರಟುಹೋದೆ."

"ಇನ್ನೇನ್ರೀ ಬೇಕು? ಅವ್ರೇ ಒಪ್ಕೊಂಡ್ರಲ್ಲ. ಪೆನ್ ಕೊಡಿ ಈ ಕಡೆ!" ಯಾರೋ ಕೂಗಿದರು.

ಅಷ್ಟರಲ್ಲಿ ಕಲ್ಲುಬೆಂಚಿನ ಮೇಲೆ ಕೂತಿದ್ದ ವಿಶಾಲಾಕ್ಷಮ್ಮ ಕೋಲು ನೆಲಕ್ಕೆ ಕುಟ್ಟಿದರು.

"ಸ್ವಲ್ಪ ತಡ್ಕೊಳಿ. ಮಗಾ, ಆ ಸೈಕಲ್ ಜೊತೇಲಿದ್ಯಾ? ಹತ್ತು ಹೆಜ್ಜೆ ತಳ್ಕೊಂಡ್ ಹೋಗು ನೋಡೋಣ."

ಅವಳು ತಳ್ಳಿದಳು. ಹಿಂದಿನ ಚಕ್ರ ಸದ್ದು ಮಾಡಿತು...

ಟಿಕ್... ಟಿಕ್... ಟಿಕ್...

"ಇದೇ! ಇದೇ ಸೈಕಲ್!"

ಸಾಕ್ಷಿ ಸಿಕ್ಕಿತೆಂದು ಜವರಪ್ಪನವರು ತಲೆಯಾಡಿಸಿದರು. ಆದರೆ ಅಜ್ಜಿಯ ಮುಖ ಅರಳಿತ್ತು.

"ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತು ಕಿವೀಲೇ ಊರು ನೋಡಿದೋಳು ನಾನು. ಹೆಸರಿಗೆ ವಿಶಾಲಾಕ್ಷಿ, ಡ್ಯೂಟಿ ಎಲ್ಲಾ ಕಿವೀದೇ!"

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ.

"ಅವತ್ತಿಂದ ದಿನಾ ಒಂದು ಸೈಕಲ್ ನನ್ ಹಿಂದೆ ಬರುತ್ತೆ. ಬೆಲ್ ಹೊಡ್ಯಲ್ಲ. ದೂರದಲ್ಲೇ ನಿಲ್ಲುತ್ತೆ. ಆಮೇಲೆ ಈ ಟಿಕ್ ಟಿಕ್, ಜೊತೆಗೆ ಚಪ್ಪಲಿ ಸದ್ದು. ನನ್ನ ದಾಟಿ ಇಪ್ಪತ್ತು ಹೆಜ್ಜೆ ಆದ್ಮೇಲೇ ಹತ್ತೋದು. ಜಡಿಮಳೆ ಬಂದ ದಿನಾನೂ ತಪ್ಪಿಲ್ಲ... ಯಾರು ಅಂತ ಕೇಳ್ಬೇಕು ಅಂದ್ಕೋತಿದ್ದೆ. ಕೇಳಿದ್ರೆ ಎಲ್ಲಿ ನಿಂತುಹೋಗುತ್ತೋ ಅಂತ ಸುಮ್ನಾಗ್ತಿದ್ದೆ."

ಅಜ್ಜಿ ಜವರಪ್ಪನವರ ದನಿ ಬಂದ ಕಡೆ ತಿರುಗಿದರು.

"ನಂಗೆ ದಿನಾ ಡಿಕ್ಕಿ ಹೊಡ್ಯೋರು ಯಾರು ಗೊತ್ತಾ ಜವರಪ್ಪನೋರೇ? ಫೋನಲ್ಲಿ ಮಾತಾಡ್ಕೊಂಡು ಕೈ ಬೀಸ್ಕೊಂಡು ನಡೆಯೋ ನಿಮ್ಮ ಸಂಘದೋರು!"

"ಅಮ್ಮ, ನಾನಂತೂ ಒಂದ್ಸಲಾನೂ..."

"ನೀವೇ ಎರಡ್ ಸಲ!"

ಈ ಸಲ ನಗು ಕೆರೆಯ ಆಚೆ ದಡದವರೆಗೂ ಕೇಳಿತು. ಜವರಪ್ಪನವರೂ ತಲೆ ತಗ್ಗಿಸಿ ನಕ್ಕರು.

"ತಪ್ಪು ಒಂದೇ ದಿನ ಮಾಡಿದ್ಲು. ಅದನ್ನ ತಿದ್ಕೊಂಡಿದ್ದು ತೊಂಬತ್ತು ದಿನ. ಸಹಿ ಹಾಕೋದಾದ್ರೆ ಅದಕ್ಕೆ ಹಾಕಿ" ಎಂದರು ಅಜ್ಜಿ.

ಜವರಪ್ಪನವರು ಮನವಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಹೊಸ ಹಾಳೆ ತೆಗೆದು ದೊಡ್ಡ ಅಕ್ಷರದಲ್ಲಿ ಬರೆದರು...

'ಹಿರಿಯರು ಕಂಡರೆ ಸೈಕಲ್ ಇಳಿದು ನಡೆಯೋಣ. ನಡೆಯುವಾಗ ಫೋನ್ ಜೇಬಿನಲ್ಲಿಡೋಣ.'

ಪೆನ್ನು ಶಶಿರೇಖಾಳ ಕಡೆ ಚಾಚಿದರು. "ಮೊದಲ ಸಹಿ ನಿಮ್ದೇ ಆಗ್ಲಿ ಮಿಸ್."

ಅವಳ ಕಣ್ಣಿಗೆ ಹಾಳೆ ಮಂಜಾಗಿ ಕಂಡಿತು. ಆದರೂ ಅಜ್ಜಿಗೆ ಕೇಳುವಂತೆ ಹೆಸರು ಹೇಳುತ್ತಾ ಸಹಿ ಹಾಕಿದಳು.

ಮಾರನೆಯ ಬೆಳಿಗ್ಗೆ ಆ ಹಾಳೆ ಏರಿಯ ಗೇಟಿನ ಮೇಲಿತ್ತು...

ಮುಂದೆ ಅಜ್ಜಿಯ ಕೋಲು ಕಂಡಿತು. ಶಶಿರೇಖಾ ಎಂದಿನಂತೆ ದೂರದಲ್ಲೇ ಇಳಿದಳು.

ಟಿಕ್... ಟಿಕ್...

ಹಿಂದಿನಿಂದಲೂ ಅದೇ ಸದ್ದು. ತಿರುಗಿ ನೋಡಿದಳು. ಕಾಲೇಜು ಹುಡುಗಿಯರು, ಪೇಪರ್ ಹಾಕುವಾತ, ಯೂನಿಫಾರ್ಮ್ ತೊಟ್ಟ ಸೆಕ್ಯುರಿಟಿ ಗಾರ್ಡ್... ಎಲ್ಲರೂ ಸೈಕಲ್ ಇಳಿದು ತಳ್ಳಿಕೊಂಡು ಬರುತ್ತಿದ್ದರು.

ಅಜ್ಜಿ ನಿಂತು ಕಿವಿಗೊಟ್ಟರು. ಬೆರಳು ಮಡಚುತ್ತಾ ಎಣಿಸಿದರು.

"ಐದು... ಆರು... ಏಳು! ಅಯ್ಯೋ ಶಶಿ, ಇದ್ರಲ್ಲಿ ನಿನ್ ಸೈಕಲ್ ಯಾವ್ದು ಅಂತ ನಂಗೆ ಗೊತ್ತಾಗ್ತಾನೇ ಇಲ್ಲ ಕಣೇ!"

ಶಶಿರೇಖಾ ಬೆನ್ನು ನೆಟ್ಟಗೆ ಮಾಡಿ, ತಲೆ ಎತ್ತಿ, ಇಪ್ಪತ್ತು ಹೆಜ್ಜೆ ನಡೆದಳು.

ಆಮೇಲೆ ಸೈಕಲ್ ಹತ್ತಿದಳು... ಹದಿನಾರು ಮಕ್ಕಳು ಕಾಯುತ್ತಿದ್ದರು.

*

ಯಾರೂ ನೋಡದಿದ್ದಾಗ ನಾವು ತೋರುವ ಮರ್ಯಾದೆ ಯಾರದೋ ಕಿವಿಗೆ ಬಿದ್ದೇ ಇರುತ್ತದೆ.

ಇವತ್ತು ನಿಮ್ಮ ದಾರಿಯಲ್ಲಿ, ನೀವು ಯಾರಿಗಾಗಿ ಇಳಿದು ಇಪ್ಪತ್ತು ಹೆಜ್ಜೆ ನಡೆದಿರಿ?