ಮೂವತ್ತೊಂದನೆಯ ಕಾಗದ

ಅಂಚೆ ಹಂಚುವ ಫ್ರಾವ್ ಟೀಮನ್ ಇವತ್ತು "ನಿನ್ನ ಹಾರೋ ಹುಡುಗ ಮತ್ತೆ ಬರ್ದಿದಾನೆ ಕಣೇ" ಎಂದು ಕೆಣಕಲಿಲ್ಲ. ದಾರ ಸುತ್ತಿದ ಕಾಗದದ ಕಟ್ಟನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, "ಮೊದ್ಲು ಕೂತ್ಕೋ ಮಗಳೇ" ಎಂದಳು. ಹೆಡ್ವಿಗ್ ಕೂರಲಿಲ್ಲ. ಲಕೋಟೆಗಳ ಮೇಲಿದ್ದುದು ಅವಳದೇ ಅಕ್ಷರ. ಯುದ್ಧವಿಮಾನ ಹಾರಿಸುತ್ತಿದ್ದ ಲೋಥಾರ್‌ನ ಹೆಸರಿನ ಪಕ್ಕದಲ್ಲಿ ಯಾರೋ ನೀಲಿ ಪೆನ್ಸಿಲ್ಲಿನಿಂದ 'ಹಾರಾಟದಿಂದ ಮರಳಿಲ್ಲ' ಎಂದು ಬರೆದಿದ್ದರು.

ಅವನು ಒಡೆದು ಓದದ ಕಾಗದಗಳಷ್ಟೇ ವಾಪಸ್ ಬಂದಿದ್ದವು. ಯುದ್ಧದ ಅಂಚೆಯಲ್ಲಿ ಯಾವುದು ಕಳೆಯಿತೆಂದು ತಿಳಿಯಲು ಇಬ್ಬರೂ ಪ್ರತಿ ಲಕೋಟೆಯ ಮೂಲೆಯಲ್ಲಿ ಸಂಖ್ಯೆ ಹಾಕುತ್ತಿದ್ದರು. ಮೂವತ್ತೊಂದನೆಯದನ್ನು ಅವಳು ಸಿಟ್ಟಿನಲ್ಲಿ ಬರೆದಿದ್ದಳು: 'ಆ ನರ್ಸ್ ಜೊತೆಗೇ ಕುಣೀತಿರು, ನನ್ನ ಹತ್ರ ವಾಪಸ್ ಬರ್ಲೇಬೇಡ.' ಮರುದಿನವೇ ಮೂವತ್ತೆರಡರಲ್ಲಿ ಕ್ಷಮೆ ಕೇಳಿದ್ದಳು.

ಮೂವತ್ತೊಂದೂ ಇದರಲ್ಲೇ ಇರಲಿ ದೇವರೇ ಎಂದುಕೊಳ್ಳುತ್ತ ಅವಳು ದಾರವನ್ನು ಹಲ್ಲಿನಿಂದ ಕಡಿದಳು. ಮೂವತ್ತೈದು, ಮೂವತ್ತನಾಲ್ಕು, ಮೂವತ್ತಮೂರು. ಕಟ್ಟಿನ ತಳದಲ್ಲಿದ್ದ ಕೊನೆಯ ಲಕೋಟೆಯ ಮೂಲೆಯಿಂದ ಹೆಬ್ಬೆರಳು ಸರಿಸಿ ನೋಡಿದಳು. ಮೂವತ್ತೆರಡು.

"ಎಲ್ಲಾ ಬಂದಿದ್ಯಾ ಮಗಳೇ?" ಎಂದು ಫ್ರಾವ್ ಟೀಮನ್ ಮೆಲ್ಲಗೆ ಕೇಳಿದಳು.

"ಒಂದು ಅವನ ಹತ್ರಾನೇ ಉಳೀತು" ಎಂದಳು ಹೆಡ್ವಿಗ್.