ಗಿಡ್ಡ ತೋಳಿನ ಫ್ರಾಕು

ಬನಿಯನ್ ಬಟ್ಟೆಯ ಹೊಸ ಫ್ರಾಕಿನ ತೋಳಿಗೆ ಚುಚ್ಚಿದ ಗುಂಡುಸೂಜಿ ಮಗಳ ಚರ್ಮಕ್ಕೂ ಇಳಿದಿತ್ತು. ಬಟ್ಟೆಯ ಮೇಲೆ ರಕ್ತದ ಚುಕ್ಕೆ ಮೂಡಿದಾಗಲೇ ಮಲಕವ್ವನಿಗೆ ಅದು ಗೊತ್ತಾದದ್ದು. ಕಸ್ತೂರಿ ಮಾತ್ರ ಬಾಗಿಲಾಚೆ ನೋಡುತ್ತ ಹಾಡು ಗುನುಗುತ್ತಲೇ ಇದ್ದಳು.

"ತೋಳು ಗಿಡ್ಡ ಇಡು ಯವ್ವಾ, ಧಗಿ ಭಾಳ ಐತಿ," ಎಂದಳು.

ಮಲಕವ್ವ ಫ್ರಾಕಿನ ತೋಳಿನ ಅಂಚನ್ನು ತುಸು ಎತ್ತಿ ನೋಡಿದಳು. ಬಿಸಿಲಿನದೆಂದು ತಾನು ದಿನಾ ಕುಸುಬಿ ಎಣ್ಣೆ ಹಚ್ಚುತ್ತಿದ್ದ ಬಿಳಚು ಮಚ್ಚೆಯ ಮೇಲೆಯೇ ಸೂಜಿ ನಿಂತಿತ್ತು. ಕುಷ್ಠವೆಂದು ಊರವರು ಊರಾಚೆ ಇಟ್ಟಿದ್ದ ಮಲಕವ್ವನ ಅಣ್ಣನಿಗೂ ಮೊದಲು ಇಂಥದೇ ಮಚ್ಚೆ ಎದ್ದಿತ್ತು. ಅವಳು ಸೂಜಿಯನ್ನು ಬೇಕೆಂದೇ ಇನ್ನಷ್ಟು ಒತ್ತಿದಳು.

"ಯಾಕ ಸುಮ್ನ ನಿಂತಿ? ಲಗೂನ ಸೂಜಿ ಚುಚ್ಚು, ಸಾಲಿಗೆ ಹೊತ್ತಾಗತೈತಿ."

ಮಲಕವ್ವ ಸೂಜಿ ಕಿತ್ತಳು.

"ತೋಳು ಉದ್ದ ಇಡತೀನಿ," ಎಂದಳು. "ಮುಂಗೈ ತನಕ."